ಹಸುಗೂಸಿನ ಸ್ನಾನದ ದ್ರವದಲ್ಲಿ ಸಲ್ಫೇಟ್ ಇರಬಹುದೇ?

ಪ್ರಶ್ನೆ: ಎರಡು ತಿಂಗಳ ಮಗುವಿಗೆಂದು ತಂದ ಸ್ನಾನದ ದ್ರವದಲ್ಲಿ ಸೋಡಿಯಂ ಲಾರೆತ್ ಸಲ್ಫೇಟ್ ಮತ್ತು ಕೋಕಾಮಿಡೋಪ್ರೊಪೈಲ್ ಬೀಟೈನ್ ಎಂಬ, ನೊರೆ ತಂದು ಕೊಳೆ ತೆಗೆಯುವ ರಾಸಾಯನಿಕಗಳಿವೆ. ಇವು ಎಳೆಯ ಚರ್ಮಕ್ಕೆ ಸುರಕ್ಷಿತವೇ?

ಉತ್ತರ 1: ಹೆಸರು ಹತ್ತಿರವಿದ್ದರೂ ಲಾರಿಲ್ ಸಲ್ಫೇಟ್ ಬೇರೆ, ಲಾರೆತ್ ಸಲ್ಫೇಟ್ ಬೇರೆ. ಮೊದಲನೆಯದು ಚರ್ಮದ ಜಿಡ್ಡಿನಂಶವನ್ನು ತೆಗೆದು ಉರಿ ತರಬಲ್ಲದು. ಎರಡನೆಯದು ಅದಕ್ಕಿಂತ ಸೌಮ್ಯವಾಗಿದ್ದು, ಬೀಟೈನ್ ಬೆರೆತಾಗ ಇನ್ನಷ್ಟು ಮೃದುವಾಗುತ್ತದೆ. ಆದರೂ ಶಿಶುವಿನ ಚರ್ಮದ ಹೊರಪದರ ತೆಳುವಾಗಿರುವುದರಿಂದ ಸ್ವಲ್ಪವೇ ಬಳಸಿ, ಚೆನ್ನಾಗಿ ತೊಳೆಯಿರಿ.

ಉತ್ತರ 2: ಬೀಟೈನ್‌ನಿಂದಲೂ ಕೆಲವರಿಗೆ ಅಲರ್ಜಿಯಾಗುವುದುಂಟು, ತಯಾರಿಕೆಯಲ್ಲಿ ಉಳಿಯುವ ಕಲ್ಮಶಗಳೇ ಅದಕ್ಕೆ ಬಹುಮಟ್ಟಿಗೆ ಕಾರಣ. ನನಗಂತೂ ಸಲ್ಫೇಟಿಗಿಂತ ಸುಗಂಧದ್ರವ್ಯದ ಮೇಲೆಯೇ ಹೆಚ್ಚು ಅನುಮಾನ.

ಉತ್ತರ 3: ಇದಕ್ಕೆ ಹೆದರಿ ಸಾಮಾನ್ಯ ಸಾಬೂನಿಗೆ ಮರಳಬೇಡಿ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, ಹೆಚ್ಚಿದಷ್ಟೂ ಕ್ಷಾರೀಯ) 9ರಿಂದ 10ರಷ್ಟಿದ್ದರೆ ಚರ್ಮದ್ದು ಸುಮಾರು 5.5. ಕೆಂಪು ಕಲೆಗಳು ಉಳಿದುಕೊಂಡರೆ ಮಕ್ಕಳ ವೈದ್ಯರಿಗೆ ತೋರಿಸಿ.