ಪದ ಬೇಕು: ಫೋರ್ಕಿನ ‘ಸ್ಟಿಯರರ್ ಟ್ಯೂಬ್’ ಉದ್ದ ಸಾಲದಾಗ

ಬೋರ್ಡಿನವರು, ಚಿಕ್ಕಬಳ್ಳಾಪುರ

ನಂದಿ ಬೆಟ್ಟದ ದಾರಿಯ ಸೈಕಲ್ ಅಂಗಡಿಯೊಂದರ ಗೋಡೆ ಫಲಕಕ್ಕೆ ತುರ್ತಾಗಿ ಬೇಕು, ನಾಳೆ ಬೆಳಗ್ಗೆ ಫ್ಲೆಕ್ಸ್‌ನವರಿಗೆ ಕಳಿಸಬೇಕು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ನೆತ್ತಿಯಿಂದ ಮೇಲೆದ್ದು, ಫ್ರೇಮಿನ ಹೆಡ್ ಟ್ಯೂಬಿನೊಳಗೆ ಹಾದು, ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನೊಳಕ್ಕೆ ಸೇರುವ ಪೈಪಿಗೆ ಕನ್ನಡದಲ್ಲಿ ಏನೆನ್ನೋಣ? ಚಿಕ್ಕ ಫ್ರೇಮಿನ ಫೋರ್ಕನ್ನು ದೊಡ್ಡ ಫ್ರೇಮಿಗೆ ಹಾಕಿಸಲು ತರುವವರಿಗೆ ಅದು ಗಿಡ್ಡವಾದೀತೆಂಬ ಎಚ್ಚರಿಕೆ. ಸ್ಟೆಮ್ಮಿನಡಿ ಪೈಪಿಗೆ ತೊಡಿಸುವ ‘ಸ್ಪೇಸರ್’, ಹ್ಯಾಂಡಲ್ ಎತ್ತರಿಸುವ ‘ಎಕ್ಸ್‌ಟೆಂಡರ್’ಗೂ ಪದ ಬೇಕು. ‘ಚಾಲನಾ ನಳಿಕೆ’ ಅಂಗಡಿಯವರಿಗೆ ಹಿಡಿಸಲಿಲ್ಲ.

ನುಡಿಯೊಲವು, ತುಮಕೂರು

ಹಿಡಿಸುವುದಾದರೂ ಹೇಗೆ, ಎರಡೂ ಸಂಸ್ಕ್ರುತದವು. ಕೊಳವೆ ಎಂಬ ಒಳ್ಳೆಯ ಒರೆ ನಮ್ಮಲ್ಲೇ ಇದೆ. ಕೊಳವೆಬಾವಿ ಅಂದರೆ ನಿಮ್ಮ ಸೀಮೆಯಲ್ಲಿ ಅರಿಯದವರುಂಟೆ? ಎರಡಾಗಿ ಒಡೆದ ಕೋಲಿಗೆ ಕವೆ ಎನ್ನುತ್ತೇವೆ, ಅದೇ ಪೋರ್ಕ್. ಹಾಗಾಗಿ ‘ಕವೆಗೊಳವೆ’. ತಿರುಗಿಸುವ ಕೆಲಸ ಎದ್ದು ಕಾಣಬೇಕೆಂದರೆ ‘ಚುಕ್ಕಾಣಿಗೊಳವೆ’. ಎರಡರಲ್ಲೂ ಎರವಲಿಲ್ಲ.

ಮೇಷ್ಟ್ರು, ಶಿಡ್ಲಘಟ್ಟ

ಚುಕ್ಕಾಣಿಯಲ್ಲಿ ಎರವಲಿಲ್ಲವೆ? ಅರಬ್ಬಿಯ ‘ಸುಕ್ಕಾನ್’ ಅದು, ಹಡಗು ಹತ್ತಿ ಬಂದದ್ದು. ತಮಿಳಿನಲ್ಲಿ ಇಂದಿಗೂ ಸುಕ್ಕಾನ್. ಬೇಲಿ ಹಾಕುವ ಮೊದಲು ಒಳಗೆ ಯಾರಿದ್ದಾರೆಂದು ನೋಡಿಕೊಳ್ಳಿ.

‘ಗಿಡ್ಡ’ಕ್ಕೂ ನನ್ನ ಆಕ್ಷೇಪವಿದೆ. ಹುಟ್ಟಾ ಎತ್ತರ ಕಡಿಮೆಯಿರುವುದು ಗಿಡ್ಡ, ಕಡಿದು ಕಡಿಮೆಯಾದದ್ದು ಮೋಟು. ಗರಗಸ ಹಾಕಿದ ಪೈಪು ಮೋಟು.

ಪಾನಾ, ಕೋಲಾರ

ಹುಟ್ಟಾ ಗಿಡ್ಡವೋ ಕಡಿದ ಮೋಟೋ ಅನ್ನುವುದು ಸ್ಟೆಮ್ಮಿಗೆ ಗೊತ್ತಾಗುವುದಿಲ್ಲ ಮೇಷ್ಟ್ರೇ. ‘ಉದ್ದ ಸಾಲದು’ ಅನ್ನಿ, ಎರಡಕ್ಕೂ ಆಯಿತು. ಪೈಪಿಗೆ ‘ಫೋರ್ಕ್ ಪೈಪು’ ಸಾಕು. ‘ಸ್ಟೆಮ್ ಗಿಡ್ಡ’ ಎಂದು ಮಾತ್ರ ಯಾವ ಕಾರಣಕ್ಕೂ ಬರೆಯಬೇಡಿ. ಮೋಟರ್ ಬೈಕ್ ಮೆಕ್ಯಾನಿಕ್ಕುಗಳು ಸ್ಟೆಮ್ ಅನ್ನುವುದು ಒಳಗೆ ತಿರುಗುವ ಈ ದಂಡಕ್ಕೇ. ಸೈಕಲ್ಲಿನವರಿಗೆ ಸ್ಟೆಮ್ಮು ಹ್ಯಾಂಡಲ್ ಹಿಡಿಯುವ ತುಂಡು. ಹಾಗೆ ಬರೆದರೆ ಗಿರಾಕಿ ಉದ್ದನೆ ಸ್ಟೆಮ್ ಕೊಂಡು ತರುತ್ತಾನೆ, ಹ್ಯಾಂಡಲ್ ಮುಂದಕ್ಕೆ ಹೋಗುತ್ತದೆ, ಪೈಪು ಇದ್ದಷ್ಟೇ ಇರುತ್ತದೆ.

ಪದಕ್ಕಿಂತ ಮೊದಲು ಲೆಕ್ಕ ಬರಲಿ. ಹೆಡ್ ಟ್ಯೂಬು 140 ಮಿ.ಮೀ., ಅದರ ಎರಡು ತುದಿಯ ಬೇರಿಂಗು, ಅಂದರೆ ಹೆಡ್‌ಸೆಟ್, ಮೇಲೆ ಕೆಳಗೆ ಸೇರಿ 25, ಸ್ಪೇಸರ್ 10, ಸ್ಟೆಮ್ಮಿನ ಹಿಡಿತದ ಎತ್ತರ 40 ಎಂದಿಟ್ಟುಕೊಳ್ಳಿ. ಒಟ್ಟು 215. ಪೈಪಿನ ತುದಿ ಸ್ಟೆಮ್ಮಿನ ಮೇಲಂಚಿಗಿಂತ 2–3 ಮಿ.ಮೀ. ಒಳಗಿರಬೇಕು, ಇಲ್ಲವಾದರೆ ಸ್ಟೆಮ್ಮಿನ ತಲೆಯ ಮೇಲೆ ಕೂರುವ ಟಾಪ್ ಕ್ಯಾಪ್ ಪೈಪಿನ ಮೇಲೇ ಕೂತು ಬೇರಿಂಗಿನ ಸಡಿಲ ಹೋಗುವುದಿಲ್ಲ. ಹಾಗಾಗಿ ಬೇಕಾದದ್ದು 212. ಕೈಯಲ್ಲಿರುವುದು 195 ಆದರೆ 17 ಕಡಿಮೆ. ಸ್ಪೇಸರ್ ತೆಗೆದರೆ 10 ಸಿಕ್ಕಿತು. ಹೆಡ್‌ಸೆಟ್ಟಿನ ಮೇಲ್ಮುಚ್ಚಳ 15 ಮಿ.ಮೀ. ಗೋಪುರದಂಥದ್ದಾಗಿದ್ದರೆ, ಅದಕ್ಕೆ ಹೊಂದುವ 5–8ರ ತಗ್ಗು ಮುಚ್ಚಳ ಹಾಕಿ ಉಳಿದ 7 ಹೊಂದಿಸಬಹುದು. ಹಿಡಿತದ ಎತ್ತರ ಕಡಿಮೆ ಇರುವ ಸ್ಟೆಮ್ಮೂ ಉಂಟು. ಹ್ಯಾಂಡಲ್ ತಗ್ಗಿತು ಅನ್ನುವವರಿಗೆ ಮೇಲ್ಮುಖ ಕೋನದ ಸ್ಟೆಮ್ಮು, ಇಲ್ಲವೇ ಹಿಡಿ ಮೇಲೆದ್ದಿರುವ ರೈಸರ್ ಹ್ಯಾಂಡಲ್.

ಇಷ್ಟು ಮಾಡಿಯೂ ಸಾಲದಿದ್ದರೆ ಆ ಫೋರ್ಕು ಆ ಫ್ರೇಮಿಗಲ್ಲ. ಸ್ಟೆಮ್ಮನ್ನು ಪೈಪಿಗೆ ಬಿಗಿಯುವ ಎರಡು ಬೋಲ್ಟುಗಳಲ್ಲಿ ‘ಒಂದು ಬೋಲ್ಟು ಹಿಡಿದರೆ ಸಾಕು’ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ, ಸಾಲುವುದಿಲ್ಲ. ಮೇಲಿನ ಬೋಲ್ಟಿನ ಒಳಗೆ ಪೈಪಿಲ್ಲದಿದ್ದರೆ ಬಿಗಿದಷ್ಟೂ ಸ್ಟೆಮ್ಮು ಅಲ್ಲಿ ಒಳಕ್ಕೆ ಹಿಂಡಿಕೊಂಡು ಪೈಪಿನ ಅಂಚಿಗೆ ಕಚ್ಚುತ್ತದೆ. ಕಾರ್ಬನ್ ಪೈಪಾದರೆ ಆ ಅಂಚಿನಿಂದಲೇ ಸೀಳು ಶುರು. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಮೈಭಾರ ಹ್ಯಾಂಡಲಿನ ಮೂಲಕ ಒತ್ತುವುದು ಅಲ್ಲಿಗೇ. ನಂದಿಯಿಂದ ಇಳಿಯುವ ಸೈಕಲ್ಲಿಗೆ ಇದು ಸಣ್ಣ ವಿಷಯವಲ್ಲ.

ನುಡಿಯೊಲವು, ತುಮಕೂರು

ಮಾಹಿತಿಗೆ ನನ್ನಿ. ಆದರೆ ‘ಪೋರ್ಕ್ ಪೈಪು’ ಎಂಬುದು ಸೋಲು. ಇಂಗ್ಲಿಶಿನ ಎರಡು ಒರೆಗಳ ಬಾಲಕ್ಕೆ ಉಕಾರ ಅಂಟಿಸಿ ಕನ್ನಡ ಅನ್ನುತ್ತಿದ್ದೀರಿ. ಚುಕ್ಕಾಣಿ ಹೋಗಲಿ, ಕವೆಗೊಳವೆಗೆ ಏನು ಕೊರತೆ?

ಪಾನಾ, ಕೋಲಾರ

ಆ ಪದ ಹೇಳಿ ಅಂಗಡಿಯಲ್ಲಿ ಬಿಡಿಭಾಗ ತರಲಾಗುವುದಿಲ್ಲ. ಅಷ್ಟೇ ಕೊರತೆ.

ಮೇಷ್ಟ್ರು, ಶಿಡ್ಲಘಟ್ಟ

ಉಕಾರ ಅಂಟಿಸುವುದೇ ಕನ್ನಡದ ದಾರಿ ಸ್ವಾಮಿ. ಬಸ್ಸು, ನಟ್ಟು, ಬೋಲ್ಟು ಎಲ್ಲ ಹಾಗೇ ನಮ್ಮವಾದವು. ಫೋರ್ಕು, ಫೋರ್ಕಿಗೆ, ಫೋರ್ಕಿನಿಂದ ಎಂದು ವಿಭಕ್ತಿ ಹತ್ತಿದ ಮೇಲೆ ಅದು ಮನೆಯ ಮಗು. ‘ಫ’ ಬರೆಯಲು ಮನಸ್ಸಿಲ್ಲದ್ದಕ್ಕೆ ಪದವನ್ನೇ ಓಡಿಸಬೇಡಿ.

ಬೋರ್ಡಿನವರು, ಚಿಕ್ಕಬಳ್ಳಾಪುರ

ದಯವಿಟ್ಟು ಆ ಜಗಳ ಬೇರೆ ಎಳೆಯಲ್ಲಿ ಆಡಿ. ಸ್ಪೇಸರಿಗೆ ‘ಬಳೆ’ ಆಗುತ್ತದೆಯೇ? ಎಕ್ಸ್‌ಟೆಂಡರಿಗೆ? ಅದನ್ನು ಹಾಕಿದರೆ ಸಮಸ್ಯೆ ಮುಗಿಯಿತೆಂದು ಬರೆಯಬಹುದೇ?

ಪಾನಾ, ಕೋಲಾರ

ಬಳೆ ಚೆನ್ನಾಗಿದೆ, ನೋಡಲೂ ಹಾಗೇ ಇರುತ್ತದೆ. ಎಕ್ಸ್‌ಟೆಂಡರಿಗೆ ‘ಎತ್ತರಿಸುವ ಪೈಪು’. ‘ಉದ್ದಿಸುವ’ ಬೇಡ, ಏಕೆಂದರೆ ಅದು ಪೈಪನ್ನು ಉದ್ದ ಮಾಡುವುದಿಲ್ಲ. ಸ್ಟೆಮ್ ಕೂರುವ ಜಾಗದಲ್ಲಿ ತಾನು ಕೂತು, ಹೊರಗಿನಿಂದ ಫೋರ್ಕ್ ಪೈಪನ್ನು ಅಪ್ಪಿ, ತನ್ನ ತಲೆಯ ಮೇಲೆ ಸ್ಟೆಮ್ಮಿಗೆ 28.6 ಮಿ.ಮೀ. ದಂಡ ಕೊಡುತ್ತದೆ. ಅಂದರೆ ಅದಕ್ಕೂ ತನ್ನ ಹಿಡಿತದಷ್ಟು ಪೈಪು ಪೂರ್ತಿ ಬೇಕು. ಸ್ಟೆಮ್ಮಿಗೇ ಸಾಲದ ಕಡೆ ಇದಕ್ಕೂ ಸಾಲುವುದಿಲ್ಲ. ಸ್ಟೆಮ್ಮು ಸರಿಯಾಗಿ ಕೂತು, ಹ್ಯಾಂಡಲ್ ಮಾತ್ರ ತಗ್ಗಾಗಿದ್ದರೆ ಇದು ಪರಿಹಾರ. ಕಾರ್ಬನ್ ಪೈಪಿಗೆ ಬೇಡವೇ ಬೇಡ.

ವೆಲ್ಡಿಂಗ್ ಮಾಡಿ ಉದ್ದ ಮಾಡಿಸುವುದನ್ನೂ ಒಂದು ಸಾಲಿನಲ್ಲಿ ಬೇಡವೆನ್ನಿ. ಬೋರ್‌ವೆಲ್ ಪೈಪಿಗೆ ಜಾಯಿಂಟ್ ಹಾಕಿದ ಹಾಗಲ್ಲ. ಬೆಸುಗೆಯ ಪಕ್ಕದ ಲೋಹ ಕಾದು ಗುಣ ಕೆಡುತ್ತದೆ, ಹ್ಯಾಂಡಲಿನ ಎಳೆತ ದಿನವೂ ಬಾಗಿಸುವುದು ಅದನ್ನೇ. ಸಸ್ಪೆನ್ಶನ್ ಫೋರ್ಕಿನಲ್ಲಿ ಪೈಪನ್ನು ನೆತ್ತಿಗೆ ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಅಲ್ಲಿ ಬದಲಿಸುವುದಾದರೆ ನೆತ್ತಿಸಮೇತ ಮೇಲ್ಭಾಗವನ್ನೇ.

ಹಳೆ ಮಾದರಿಯ ಮರೆಸುತ್ತಿನ, ಅಂದರೆ ನಟ್ಟು ಹತ್ತುವ ಸುರುಳಿಗೆರೆ ಇರುವ ಪೈಪಿಗೆ ಲೆಕ್ಕ ಬೇರೆ. ಅಲ್ಲಿ ಸಾಲಬೇಕಾದ್ದು ಮೇಲಿನ ಲಾಕ್ ನಟ್ಟಿಗೆ. ಇಂಚಿಗೆ 24 ಮರೆ ಇರುವ ಪೈಪಿನಲ್ಲಿ ಒಂದು ಸುತ್ತಿಗೆ ಸುಮಾರು 1 ಮಿ.ಮೀ. ಎರಡೇ ಸುತ್ತು ಹಿಡಿದ ನಟ್ಟು ರಸ್ತೆಯ ಅದುರಿಗೆ ಸಡಿಲಾಗುತ್ತದೆ. ನಟ್ಟಿನಡಿ ಲೈಟಿನ ಬ್ರಾಕೆಟ್ ಸಿಕ್ಕಿಸಿದ್ದರೆ ಅದನ್ನು ತೆಗೆದರೆ ಒಂದೆರಡು ಸುತ್ತು ಸಿಗುತ್ತದೆ. ಹ್ಯಾಂಡಲಿನ ದಂಡ ಮೇಲೆಳೆದು ಎತ್ತರ ಮಾಡಿಕೊಳ್ಳುವಾಗ ಅದರ ಮೇಲಿನ ‘ಇಷ್ಟಾದರೂ ಒಳಗಿರಬೇಕು’ ಎಂಬ ಕನಿಷ್ಠ ಗುರುತು ಹೊರಗೆ ಕಾಣಬಾರದು.

ಮೇಷ್ಟ್ರು, ಶಿಡ್ಲಘಟ್ಟ

‘ಮರೆಸುತ್ತು’ ಎಲ್ಲಿಂದ ತಂದಿರಿ? ಚೆನ್ನಾಗಿದೆ. ಆದರೆ ಫಲಕಕ್ಕೆ ‘ಥ್ರೆಡ್’ ಎಂದೇ ಹಾಕಿ.

ನುಡಿಯೊಲವು, ತುಮಕೂರು

ಒಂದು ಕನ್ನಡ ಒರೆ ತಾನಾಗಿ ಬಾಯಿಗೆ ಬಂದರೂ ಮೇಷ್ಟರಿಗೆ ತಡೆಯುವುದಿಲ್ಲ.

ಬೋರ್ಡಿನವರು, ಚಿಕ್ಕಬಳ್ಳಾಪುರ

ಪ್ರೂಫ್ ಹೀಗೆ ಬಂದಿದೆ: ‘ಫೋರ್ಕ್ ಪೈಪಿನ ಉದ್ದ ಸಾಲದೇ? ಮೊದಲು ಬಳೆ ತೆಗೆಸಿ. ಪೈಪು 3 ಮಿ.ಮೀ. ಗಿಡ್ಡವಿರಲಿ. ಸ್ಟೆಮ್ಮಿನ ಎರಡೂ ಬೋಲ್ಟು ಪೈಪನ್ನು ಹಿಡಿಯಲೇಬೇಕು. ವೆಲ್ಡಿಂಗ್ ಮಾಡಿಸಬೇಡಿ.’

ಪಾನಾ, ಕೋಲಾರ

ಮೂರನೇ ಸಾಲು ನಿಲ್ಲಿಸಿ! ಇದನ್ನು ಓದಿ ಯಾರಾದರೂ ಇರುವ ಪೈಪಿಗೇ ಗರಗಸ ಹಾಕಿ ಇನ್ನೂ 3 ಮಿ.ಮೀ. ಕುಯ್ದಾರು. ‘ಪೈಪಿನ ತುದಿ ಸ್ಟೆಮ್ಮಿನ ಮೇಲಂಚಿಗಿಂತ 2–3 ಮಿ.ಮೀ. ಮಾತ್ರ ಒಳಗಿರಲಿ’ ಎಂದು ತಿದ್ದಿಸಿ. ‘ಮಾತ್ರ’ ಬಿಡಬೇಡಿ. ಜಾಗವಿದ್ದರೆ ಇನ್ನೊಂದು ಸಾಲು ಸೇರಿಸಿ: ಬಿಗಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ, ಹೆಡ್‌ಸೆಟ್ಟಿನ ಹತ್ತಿರ ಟಕ್ ಅಂದರೆ ಸ್ಟೆಮ್ ಬೋಲ್ಟು ಸಡಿಲಿಸಿ ಟಾಪ್ ಕ್ಯಾಪ್ ಚೂರೇ ಬಿಗಿದು, ಆಮೇಲೆ ಸ್ಟೆಮ್ ಬಿಗಿಯಿರಿ.

ಬೋರ್ಡಿನವರು, ಚಿಕ್ಕಬಳ್ಳಾಪುರ

ತಿದ್ದಿ ಕಳಿಸಿದೆ ಸರ್. ಪ್ರೂಫ್ ಇನ್ನೊಮ್ಮೆ ಬರುತ್ತದೆ.

ನುಡಿಯೊಲವು, ತುಮಕೂರು

ಕರಡಚ್ಚು ಅನ್ನಿ.