ಮಗನ ನೋವಿಗೆ ಸೊಸೆಯನ್ನೇಕೆ ದೂರುವುದು?

ಯಾದಗಿರಿ ಜಿಲ್ಲೆಯ ತಾಯಿಯೊಬ್ಬರ ಪ್ರಶ್ನೆ: ಎಂಟು ವರ್ಷದ ಮಗನಿಗೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ‘ನಿನ್ನ ತವರಿನ ರೋಗ’ ಎಂದು ಅತ್ತೆ ಹಂಗಿಸುತ್ತಾರೆ. ನೋವು ಎಂದರೆ ಶಾಲೆಯಲ್ಲಿ ‘ನೆಪ’ ಅನ್ನುತ್ತಾರೆ. ಏನು ಮಾಡಲಿ?

ತಂಗಿ, ಮೊದಲು ನಿಮ್ಮ ಯಜಮಾನರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮಗುವಿಗೆ ಈ ಕಾಯಿಲೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಿರಬೇಕು. ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ನಮ್ಮ ಅತ್ತೆಯ ಬಾಯಿ ಮುಚ್ಚಿಸಿದ್ದು ಆ ಒಂದು ಹಾಳೆಯೇ. ಇನ್ನೊಂದು ಮಗು ಬೇಕೆಂದಿದ್ದರೆ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಮಾತಾಡಿ. ಇಬ್ಬರಲ್ಲೂ ಒಂದೊಂದು ದೋಷದ ಜೀನ್ ಇದ್ದರೆ ಪ್ರತಿ ಬಸಿರಿಗೂ ಮಗುವಿಗೆ ಕಾಯಿಲೆ ಬರುವ ಶೇ 25ರಷ್ಟು ಸಾಧ್ಯತೆ ಇದ್ದೇ ಇರುತ್ತದೆ.

ಮಗ ಬಿಳಿಚಿಕೊಂಡಿದ್ದಾನೆಂದು ಯಾರೋ ಹೇಳಿದ ಕಬ್ಬಿಣದ ಟಾನಿಕ್ ಸುಮ್ನೆ ಕುಡಿಸಬೇಡಿ. ಈ ಕಾಯಿಲೆಯಲ್ಲಿ ಗುಲ್ಮದೊಳಗೆ (ಸ್ಪ್ಲೀನ್) ರಕ್ತ ಸಿಕ್ಕಿಕೊಂಡು ಅದು ಒಮ್ಮೆಲೇ ಊದಬಹುದು, ಹಾಗಾಗಿ ಅದನ್ನು ಮುಟ್ಟಿ ನೋಡುವುದನ್ನು ಡಾಕ್ಟರಿಂದ ಕಲಿತುಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತುವುದು, ಅಷ್ಟೇ. ದಿನಾ ಸಿಗುವುದಕ್ಕಿಂತ ದೊಡ್ಡದಾಗಿದ್ದರೆ, ಮುಖ ಒಮ್ಮೆಲೇ ಬಿಳಿಚಿದರೆ, ಇಲ್ಲಾ ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.
– ಒಬ್ಬ ತಾಯಿ, ಆಳಂದ

ನಾನು ಟೀಚರ್. ‘ನೆಪ’ ಅನ್ನುವುದು ಸುಲಭ, ಯಾಕೆಂದರೆ ಸೋಮವಾರ ನರಳಿದ ಹುಡುಗ ಗುರುವಾರ ಓಡಾಡುತ್ತಿರುತ್ತಾನೆ. ಕಾಯಿಲೆಯೇ ಹಾಗೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಎಲುಬು ಹಿಂಡುತ್ತದೆ, ಆಮೇಲೆ ಆರಾಮ. ಇದನ್ನೇ ಡಾಕ್ಟರ ಕೈಲಿ ಚೀಟಿಯಲ್ಲಿ ಬರೆಸಿ ಹೆಡ್‌ಮಾಸ್ತರರಿಗೆ ಕೊಡಿ. ಬೆಂಚಿನ ಮೇಲೆ ನೀರಿನ ಬಾಟಲಿ ಇರಲಿ, ಕೇಳಿದಾಗಲೆಲ್ಲ ಮೂತ್ರಕ್ಕೆ ಬಿಡಲಿ. ನಮ್ಮ ಬಿಸಿಲಲ್ಲಿ ನೀರು ಕಡಿಮೆಯಾದರೆ ನೋವು ಜಾಸ್ತಿ, ಅಲ್ವಾ? ಆಟ ಪೂರ್ತಿ ಬಿಡಿಸಬೇಡಿ. ದಣಿದಾಗ ಕೂರಲು ಬಿಟ್ಟರೆ ಸಾಕು.
– ಶಿಕ್ಷಕಿ, ಶಹಾಪುರ

ಅಕ್ಕಾ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕೂಡ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಮನೆಯವರಿಗೆ ‘ಅಂಗವಿಕಲ’ ಎಂಬ ಮಾತು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಬಿಡಲಿ, ಮಗನ ಹಕ್ಕು ಅದು. ‘ಕೈಕಾಲು ನೆಟ್ಟಗಿವೆಯಲ್ಲ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಕಾಯ್ದೆಯ ಹೆಸರು ಹೇಳಿ. ಅಂಗವೈಕಲ್ಯ ಶೇಕಡಾ ಎಷ್ಟು ಎಂದು ವೈದ್ಯರು ನೋಡಿಯೇ ಬರೆಯುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ ಇಂಥದೇ ಮಕ್ಕಳ ತಂದೆತಾಯಿ ಸಿಕ್ಕರೆ ನಂಬರ್ ತಗೊಳ್ಳಿ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧಿ ಯಾವ ಅಂಗಡಿಯಲ್ಲಿ ಸ್ಟಾಕ್ ಇದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ.
– ಒಬ್ಬ ತಂದೆ, ಕಲಬುರಗಿ