ಯುಗಾದಿಯ ಹೊತ್ತಿಗೆ ಅರಳುವ ಮರ: ಮನೆಯಂಗಳಕ್ಕೆ ಯಾವುದು ಸೂಕ್ತ?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 40×60 ಅಡಿಯ ನಿವೇಶನ, ಪೂರ್ವ ದಿಕ್ಕಿನ ಮನೆ. ಮುಂಭಾಗದಲ್ಲಿ ಸುಮಾರು 12 ಅಡಿ ಅಗಲದ ಮಣ್ಣಿನ ಜಾಗವಿದೆ. ವಾಸ್ತು ನೋಡಿ ಸಂಪನ್ನು ಈಶಾನ್ಯ ಮೂಲೆಯಲ್ಲಿ ಕಟ್ಟಿಸಿದ್ದೇವೆ, ವಿದ್ಯುತ್ ತಂತಿಗಳು ಸಹ ಅದೇ ಮೂಲೆಯ ಮೇಲೆ ಹಾದುಹೋಗುತ್ತವೆ. ಆಗ್ನೇಯ ಮೂಲೆ ತೆರವಾಗಿದ್ದು, ಅಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಳ್ಳೆಯ ಬಿಸಿಲಿರುತ್ತದೆ. ಹಿತ್ತಿಲಿನಲ್ಲಿ 15 ಅಡಿ ಜಾಗವಿದೆಯಾದರೂ ಪಕ್ಕದ ಎರಡು ಅಂತಸ್ತಿನ ಮನೆಯ ನೆರಳು ದಿನದ ಬಹುಪಾಲು ಅಲ್ಲಿ ಬಿದ್ದಿರುತ್ತದೆ.

ಹಿಂದೆ ಗೇಟಿನ ಬಳಿ ಗುಲ್‌ಮೊಹರ್ ನೆಟ್ಟಿದ್ದೆವು. ಹನ್ನೊಂದು ವರ್ಷಗಳಲ್ಲಿ ಅದರ ಬೇರು ಕಾಂಪೌಂಡ್ ಗೋಡೆಯನ್ನು ಬಿರುಕುಬಿಡಿಸಿತು. ಕೊನೆಗೆ ಅನುಮತಿ ಪಡೆದು, ಮನಸ್ಸಿಲ್ಲದ ಮನಸ್ಸಿನಿಂದ ತೆಗೆಸಬೇಕಾಯಿತು. ಈಗ ಫಾಲ್ಗುಣ, ಚೈತ್ರದಲ್ಲಿ ಹೂ ಬಿಡುವ ಎರಡು ಮರಗಳನ್ನು ನೆಡಬೇಕೆಂದಿದ್ದೇವೆ. ನನಗೆ ಟಬೂಬಿಯಾ ಮತ್ತು ಜಕರಂಡದ ಮೇಲೆ ಆಸೆ. ನಮ್ಮ ತಾಯಿಯವರು ದೇವರಿಗೆ ಮುಡಿಸಲು ಬರುವ ಹೂವಾಗಿರಲಿ ಎನ್ನುತ್ತಾರೆ. ನರ್ಸರಿಯವರು ಯಾವುದನ್ನು ಕೇಳಿದರೂ ಎರಡೇ ವರ್ಷಕ್ಕೆ ಹೂ ಬರುತ್ತದೆ ಎಂದು ಹೇಳುತ್ತಿರುವುದರಿಂದ ಅವರ ಮಾತನ್ನು ನೆಚ್ಚುವಂತಿಲ್ಲ. ಬೆಳೆಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಸರಸ್ವತೀಪುರಂ, ಮೈಸೂರು)

ಸರ್, ರಸ್ತೆಬದಿಯಲ್ಲಿ ಕಂಡ ಮರದ ಚೆಲುವಿಗೆ ಮನಸೋತು ಅದನ್ನೇ ಅಂಗಳಕ್ಕೆ ತರುವ ತಪ್ಪನ್ನು ನಾವೆಲ್ಲ ಮಾಡಿದ್ದೇವೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಜಿ.ಎಚ್. ಕೃಂಬಿಗಲ್ ಅವರು, ಒಂದು ಬಗೆಯ ಮರದ ಹೂ ಮುಗಿಯುವಾಗ ಇನ್ನೊಂದರದು ಆರಂಭವಾಗುವಂತೆ ಸಾಲುಮರಗಳನ್ನು ಆರಿಸಿದರೆಂಬುದನ್ನು ಕೇಳಿರುತ್ತೀರಿ. ಆದರೆ ಆ ಆಯ್ಕೆ ಅಗಲವಾದ ರಸ್ತೆಗಳಿಗೂ ಉದ್ಯಾನಗಳಿಗೂ ಮಾಡಿದ್ದು. 12 ಅಡಿ ಮಣ್ಣಿಗೆ ಅದೇ ಲೆಕ್ಕ ಹೊಂದುವುದಿಲ್ಲ.

ಗುಲಾಬಿ ಬಣ್ಣದ ಟಬೂಬಿಯಾ 50 ಅಡಿಗೂ ಮೀರಿ ಬೆಳೆಯಬಲ್ಲದು. ಹಳದಿಯದು ಗಾತ್ರದಲ್ಲಿ ಚಿಕ್ಕದು, ನಿಜ. ಆದರೆ ಅದರ ಕೊಂಬೆ ಪೆಡಸು, ಬೇರಿನ ಹಿಡಿತವೂ ಸಡಿಲ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ಮುಂದೆ ಬೀಸುವ ಗಾಳಿ ಎಂಥದೆಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಹಾಗೆ ಬುಡಸಮೇತ ಮಗುಚಿದ ಹಳದಿ ಟಬೂಬಿಯಾವನ್ನು ನಮ್ಮ ರಸ್ತೆಯಲ್ಲೇ ಎರಡು ಬಾರಿ ನೋಡಿದ್ದೇನೆ. ಜಕರಂಡವನ್ನೂ ಕಾಂಪೌಂಡಿನೊಳಗೆ ನೆಡಲು ನಾನು ಹೇಳುವುದಿಲ್ಲ, ಅದು ಹರಡುವ ಮರ.

ಆಗ್ನೇಯ ಮೂಲೆಗೆ ನನ್ನ ಆಯ್ಕೆ ಕಕ್ಕೆ. ಇದು ನಮ್ಮ ನೆಲದ್ದೇ ಮರ, ಮೈಸೂರು ಸೀಮೆಯ ಕುರುಚಲು ಕಾಡುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಸಾಮಾನ್ಯವಾಗಿ 30ರಿಂದ 40 ಅಡಿ ಎತ್ತರವಾಗುತ್ತದೆ, ಹರವು ಹಿತಮಿತ. ಎಲೆ ಉದುರಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮೊಳದುದ್ದದ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಕೇರಳದವರು ವಿಷುವಿನ ಕಣಿಗೆ ಇಡುವ ಹೂ ಇದೇ ಆದ್ದರಿಂದ ತಮ್ಮ ತಾಯಿಯವರು ಪೂಜೆಗೆ ಒಲ್ಲೆ ಎನ್ನಲಾರರು. ಗೋಡೆಯಿಂದ ಕನಿಷ್ಠ 6 ಅಡಿ ಬಿಟ್ಟು ನೆಡಿ. ನಮ್ಮ ಗಿಡ ಬೀಜದಿಂದ ಎದ್ದದ್ದು. ಮೊದಲ ಗೊಂಚಲು ಕಂಡದ್ದು ಏಳನೆಯ ವರ್ಷದಲ್ಲಿ. ಹೊಸ ಚಿಗುರನ್ನು ಹಸಿರು ಹುಳುಗಳು ತಿಂದು ಬರಿದಾಗಿಸಿದರೆ ಗಾಬರಿಯಾಗಿ ಔಷಧ ಸಿಂಪಡಿಸಬೇಡಿ. ಅವು ತೆಳುಹಳದಿ ಚಿಟ್ಟೆಯ ಮರಿಗಳು, ಮರ ಮತ್ತೆ ಚಿಗುರುತ್ತದೆ.

ಸಂಪಿನ ಮೂಲೆಯಲ್ಲಿ ಮರವೇ ಬೇಡ. ಇನ್ನೊಂದು ವಿಷಯ: ಬೆಳೆದ ಮರವನ್ನು ತೆಗೆಸಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಗಳ ಅನುಮತಿ ಬೇಕಾಗುವುದರಿಂದ, ಸರಿಹೋಗದಿದ್ದರೆ ಆಮೇಲೆ ಕಡಿಸಿದರಾಯಿತು ಎಂಬ ಧೈರ್ಯದಲ್ಲಿ ನೆಡುವುದು ತರವಲ್ಲ. ಆ ಓಡಾಟದ ಅನುಭವ ತಮಗೇ ಆಗಿದೆ.

ಉತ್ತರ 2 (ಮಂಡ್ಯ)

ಮೇಲಿನವರು ಜಾಗದ ಬಗ್ಗೆ ಹೇಳಿದ್ದಾರೆ, ನಾನು ನೀರಿನ ಬಗ್ಗೆ ಹೇಳುತ್ತೇನೆ. ನಮ್ಮ ಮನೆ ನಾಲಾ ಬಯಲಿನಲ್ಲಿದೆ. ಸುತ್ತ ಭತ್ತದ ಗದ್ದೆ, ಕಬ್ಬಿನ ತೋಟ. ಬೇಸಿಗೆಯಲ್ಲಿಯೂ ಮೂರು ಅಡಿ ಅಗೆದರೆ ಮಣ್ಣು ತಣ್ಣಗಿರುತ್ತದೆ. ಇಂಥಲ್ಲಿ ನಾನು ನೆಟ್ಟ ಜಕರಂಡ ಒಂಬತ್ತು ವರ್ಷ ಸೊಂಪಾಗಿ ಬೆಳೆಯಿತು, ಎಲೆಗೆ ಕೊರತೆಯಿಲ್ಲ, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಅದೇ ವಯಸ್ಸಿನ ಮರ ಮೈಸೂರಿನ ನಮ್ಮ ಭಾವನವರ ಮನೆಯ ಕೆಂಪು ಗೊಚ್ಚು ಮಣ್ಣಿನಲ್ಲಿ ಮಾರ್ಚ್ ಬಂದರೆ ನೀಲಿಯಾಗಿ ನಿಲ್ಲುತ್ತದೆ.

ಕಾರಣ ಸರಳವಾದದ್ದು. ಎಲೆ ಉದುರಿಸಿ ಬರಿಗೊಂಬೆಯಲ್ಲಿ ಅರಳುವ ಮರಗಳಿಗೆ ಮಳೆಗಾಲದ ನಂತರದ ಒಣಗಾಲವೇ ಹೂವಿನ ಸೂಚನೆ. ಡಿಸೆಂಬರ್, ಜನವರಿಯಲ್ಲಿ ಮಣ್ಣು ಒಣಗಿದರೆ ಎಲೆ ಕಳಚಿ ಮೊಗ್ಗು ಕೂಡುತ್ತದೆ. ಆಗಲೂ ನೀರು ಸಿಗುತ್ತಲೇ ಇದ್ದರೆ ಮರಕ್ಕೆ ಎಲೆ ಉದುರಿಸುವ ಅವಸರವೇ ಇರುವುದಿಲ್ಲ. ಹುಲ್ಲುಹಾಸಿನ ನಡುವೆ ನೆಟ್ಟು ದಿನವೂ ಪೈಪು ಹಿಡಿಯುವವರ ಮನೆಯ ಟಬೂಬಿಯಾ ಹೂ ಬಿಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಸಸಿಗೆ ನೀರು ಬೇಕೇ ಬೇಕು, ಅದರಲ್ಲಿ ಉಳಿತಾಯ ಮಾಡಬಾರದು. ಮರ ನೆಲೆನಿಂತ ಮೇಲೆ ಧನುರ್ಮಾಸದಿಂದ ಮೊಗ್ಗು ಕಾಣಿಸುವವರೆಗೆ ಬುಡಕ್ಕೆ ನೀರು ಹಾಕದೆ ಬಿಟ್ಟುಬಿಡಿ. ನೋಡಲು ಕನಿಕರವಾಗುತ್ತದೆ, ಆದರೂ ಬಿಡಿ.

ನನ್ನಂತೆ ನೀರಿನ ನೆಲ ಇರುವವರು ಯಾರಾದರೂ ಓದುತ್ತಿದ್ದರೆ, ಅವರಿಗೆ ಹೊಳೆದಾಸವಾಳ ಹೊಂದುತ್ತದೆ. ಹೊಳೆಯ ದಡದಲ್ಲಿ ಬೆಳೆಯುವ ಮರವಾದ್ದರಿಂದ ತೇವಕ್ಕೆ ಅಂಜುವುದಿಲ್ಲ, ನೇರಳೆ ಬಣ್ಣದ ಹೂ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಇರುತ್ತದೆ. ಹೊಂಗೆಯೂ ಆಗುತ್ತದೆ, ಆದರೆ ಅದು ಹೂವಿಗಿಂತ ನೆರಳಿಗೆ ಹೇಳಿಮಾಡಿಸಿದ ಮರ.

ಉತ್ತರ 3 (ಶ್ರೀರಂಗಪಟ್ಟಣ)

ಹಿತ್ತಿಲಿನ ನೆರಳಿನ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿಗೆ ಅಶೋಕ ನೆಡಿ; ಕಂಬದಂತೆ ನೆಟ್ಟಗೆ ಬೆಳೆಯುವ, ಮದುವೆ ಛತ್ರಗಳ ಮುಂದೆ ಸಾಲಾಗಿ ನಿಂತಿರುವ ಆ ಮರವಲ್ಲ. ನಿಜವಾದ ಅಶೋಕ ನಮ್ಮ ಪಶ್ಚಿಮಘಟ್ಟದ ಕಾಡಿನದು, ನಿತ್ಯಹಸಿರು, ನಿಧಾನವಾಗಿ ಬೆಳೆಯುತ್ತದೆ, ಎಳವೆಯಲ್ಲಿ ನೆರಳು ಮತ್ತು ತೇವ ಎರಡನ್ನೂ ಬಯಸುತ್ತದೆ. ಹೊಸ ಎಲೆಗಳು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಿತ್ತಳೆ ಬಣ್ಣದಲ್ಲಿ ಅರಳಿ ಕೆಂಪಿಗೆ ತಿರುಗುವ ಹೂಗೊಂಚಲುಗಳು ಕೊಂಬೆಯ ಮೇಲಷ್ಟೇ ಅಲ್ಲ, ಬಲಿತ ಕಾಂಡದ ಮೇಲೂ ಮೂಡುತ್ತವೆ. ಉತ್ತರ 2ರಲ್ಲಿ ಹೇಳಿರುವ ಒಣಗಿಸುವ ಕ್ರಮವನ್ನು ಇದಕ್ಕೆ ಅನ್ವಯಿಸಬೇಡಿ, ಸಸಿ ಸೊರಗಿಹೋಗುತ್ತದೆ. ನರ್ಸರಿಯಲ್ಲಿ ಎಲೆ ನೋಡಿ ಕೊಳ್ಳಿ: ಕಂಬದ ಮರದ ಎಲೆಯ ಅಂಚು ಅಲೆಅಲೆಯಾಗಿದ್ದು ಒಂದೊಂದೇ ಬಿಡಿಯಾಗಿರುತ್ತದೆ, ನಿಜವಾದ ಅಶೋಕದಲ್ಲಿ ಒಂದೇ ದಂಟಿಗೆ ಹಲವು ಜೋಡಿ ಎಲೆಗಳಿರುತ್ತವೆ.

ತಾಯಿಯವರಿಗೆ ಪೂಜೆಯ ಹೂ ಬೇಗ ಬೇಕಾದರೆ ದೇವಕಣಗಿಲೆಯ ಒಂದು ಕೊಂಬೆ ಸಾಕು. ಕಡಿದ ತುದಿಯ ಹಾಲು ಆರುವವರೆಗೆ ನಾಲ್ಕೈದು ದಿನ ನೆರಳಿನಲ್ಲಿಟ್ಟು ದೊಡ್ಡ ಕುಂಡದಲ್ಲಿ ಊರಿ. ನರ್ಸರಿಯವರ ಎರಡು ವರ್ಷದ ಮಾತು ಇದರ ಮಟ್ಟಿಗೆ ನಿಜವಾದೀತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟಬೂಬಿಯಾದ ಆಸೆಯನ್ನು ರಸ್ತೆಯಲ್ಲಿ ನೋಡಿಯೇ ತೀರಿಸಿಕೊಳ್ಳುತ್ತೇನೆ. ಮುಂದೆ ಕಕ್ಕೆ, ಹಿಂದೆ ಅಶೋಕ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಕಕ್ಕೆಯ ಸಸಿಯಲ್ಲಿ ಎರಡು ಅಡಿಯದೂ ಇದೆ, ಎಂಟು ಅಡಿಯದೂ ಇದೆ. ದೊಡ್ಡದನ್ನು ತಂದರೆ ಬೇಗ ಹೂ ಬಂದೀತೇ?

ಉತ್ತರ 1 (ಸರಸ್ವತೀಪುರಂ, ಮೈಸೂರು)

ಚಿಕ್ಕದನ್ನೇ ತನ್ನಿ. ಚಿಕ್ಕ ಚೀಲದಲ್ಲಿ ಎಂಟು ಅಡಿ ಬೆಳೆದ ಸಸಿಯ ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ; ನೆಟ್ಟ ಮೇಲೂ ಹಾಗೆಯೇ ಸುತ್ತುತ್ತಾ ಹೋದರೆ ಹತ್ತು ವರ್ಷದ ಮರವೂ ಗಾಳಿಗೆ ನಿಲ್ಲುವುದಿಲ್ಲ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಈಗಲೇ ತೆಗೆಸಿ ಬಿಸಿಲಿಗೆ ಬಿಡಿ, ಹಳೆಯ ಗುಲ್‌ಮೊಹರ್‌ನ ಬೇರು ಸಿಕ್ಕರೆ ಗೆದ್ದಲು ಹಿಡಿಯದಂತೆ ಆಯ್ದು ತೆಗೆಸಿ. ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನೆಡಬಹುದು.